ಒಳಗುಡಿಯಲ್ಲಿ ಇರುವವರು ಯಾರು?

"ಕೇಳಿರಿ, ಕೇಳಿರಿ! ಒಡೆಯರಾದ ಮೊರೊನಾಗ ಪ್ರಭುಗಳ ಅಪ್ಪಣೆ! ಬೆಟ್ಟದ ಶಿಂಟೋ ಗುಡಿಯ ದೇವದಾರು ಮರಗಳನ್ನು ಕಡಿದು ಹೊಸ ಕೋಟೆ ಕಟ್ಟಲಾಗುವುದು. ಬೇಡವೆನ್ನುವವರು ಪ್ರಭುಗಳ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಮರಗಳು ಉಳಿದವು, ನೂರು ಮೂಟೆ ಅಕ್ಕಿಯ ಇನಾಮೂ ಉಂಟು. ತಪ್ಪಿದರೆ ತಲೆ ಹೋಯಿತು!"

ಜಪಾನಿನ ಹಿವಾದ ಸೀಮೆಯಲ್ಲಿ ಹೀಗೆ ಡಂಗುರ ಸಾರಿದ ದಿನವೇ ಆಸ್ಥಾನದ ಪಂಡಿತ ಮುಂದೆ ಬಂದ. ಮೊರೊನಾಗ ಬೀಸಣಿಗೆ ಮಡಚಿ ಕೇಳಿದ: "ಗೋಡೆಯಿಲ್ಲ, ಕದವಿಲ್ಲ, ಅಗುಳಿಯಿಲ್ಲ, ಆದರೂ ಹೆಬ್ಬಾಗಿಲು. ಯಾವುದು? ತಾತ ಕಟ್ಟಿದ್ದನ್ನು ಅಪ್ಪ ಬಿಚ್ಚಿ ಕಟ್ಟಿದ, ಅಪ್ಪ ಕಟ್ಟಿದ್ದನ್ನು ಮಗ ಬಿಚ್ಚಿ ಕಟ್ಟಿದ. ಕಂಬವೆಲ್ಲ ಹೊಸದು, ಗುಡಿ ಮಾತ್ರ ಅದೇ. ಉಳಿದದ್ದೇನು? ಯಾರೂ ತೆರೆಯಬಾರದ ಒಳಗುಡಿಯಲ್ಲಿ ಇರುವವರು ಯಾರು?"

"ಆಕಾಶ, ಹೆಸರು, ಶೂನ್ಯ" ಎಂದ ಪಂಡಿತ. ಬೀಸಣಿಗೆ ಮೇಲೆದ್ದಿತು. ತಲೆ ಉರುಳಿತು.

ಮರುದಿನ ಗುಡಿಯ ಪೂಜಾರಿ ಸಾನೆಹಿರೊ ಹೋದ. "ನಮ್ಮ ಗುಡಿಯ ಮುಂದಿನ ತೋರಿ ಕಮಾನು, ದೇವರ ದಯೆ, ದೇವರು" ಎಂದ. ಯಾವುದು ತಪ್ಪೆಂದು ಮೊರೊನಾಗ ಹೇಳಲೂ ಇಲ್ಲ. ಬೀಸಣಿಗೆ ಎತ್ತಿದ, ಅಷ್ಟೆ.

ಸಾನೆಹಿರೊನ ತಂಗಿ ನುಯಿ ಗುಡಿಗೆ ಹುಲ್ಲಿನ ಹಗ್ಗ ಹೊಸೆಯುವವಳು. ಅಣ್ಣನ ಸಾವಿನ ಜೊತೆಗೆ ಒಗಟುಗಳ, ಅವನ ಉತ್ತರಗಳ ಸುದ್ದಿಯನ್ನೂ ಕೇಳಿದವಳು ಅಳಲಿಲ್ಲ, ಎದ್ದು ನಿಂತಳು. ತಾಯಿ ತೋಳು ಹಿಡಿದಳು. "ಒಬ್ಬನನ್ನು ಕಳಕೊಂಡದ್ದು ಸಾಲದೇನೇ?"

"ಬಿಡಮ್ಮ. ಸುಮ್ಮನೆ ಕೂತರೆ ಈ ಸಿಟ್ಟೇ ನನ್ನನ್ನು ಸುಟ್ಟುಬಿಡುತ್ತದೆ."

ಅವಳನ್ನು ಕಂಡು ಸಭೆ ನಕ್ಕಿತು. ನುಯಿ ಅವರನ್ನು ನಗಲು ಬಿಟ್ಟಳು, ಆಮೇಲೆ ಬಾಯಿ ತೆರೆದಳು.

"ಮೊದಲನೆಯದು ತೋರಿ. ಅದು ಯಾರನ್ನೂ ತಡೆಯುವುದಿಲ್ಲ. ಇಲ್ಲಿಂದ ಮುಂದೆ ದೇವರ ಜಾಗ ಎನ್ನುತ್ತದೆ, ತಲೆ ತಗ್ಗಿಸುವುದು ಬಂದವರಿಗೆ ಬಿಟ್ಟದ್ದು. ಎರಡನೆಯದು ಕೈಕಸುಬು. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿ ಬಿಚ್ಚಿ ಹೊಸ ಮರದಲ್ಲಿ ಕಟ್ಟುತ್ತೇವೆ. ಮರ ಹಳತಾಗುತ್ತದೆ, ಹಿರಿಯರು ಕಿರಿಯರಿಗೆ ಕಲಿಸಿದ್ದು ಉಳಿಯುತ್ತದೆ."

"ಮೂರನೆಯದು?" ಮೊರೊನಾಗನ ದನಿ ಇಳಿದಿತ್ತು.

"ಒಳಗಿರುವುದು ದೇವರ ಕುರುಹಾದ ಕನ್ನಡಿ ಅಂತ ಊರಿಗೆಲ್ಲ ಗೊತ್ತು. ನೀವು ಕೇಳಿದ್ದು ಏನು ಅಂತಲ್ಲ, ಯಾರು ಅಂತ. ಒಳಬಾಗಿಲಿಗೆ ನಾನು ಕಟ್ಟಿದ್ದ ಹಗ್ಗ ಕಳೆದ ವಾರ ತುಂಡಾಗಿತ್ತು. ಕುಡುಗೋಲಿನ ಕೊಯ್ತ ಅಲ್ಲ, ಒಂದೇ ಏಟಿನ ಕತ್ತಿಯದು. ಆ ಕನ್ನಡಿಯಲ್ಲಿ ಮುಖ ಕಂಡವನಷ್ಟೇ ಯಾರು ಅಂತ ಕೇಳಿಯಾನು, ತೆರೆದವನು ನೀನೇ. ದೇವರನ್ನು ನೋಡಲು ಹೋದೆ, ನಿನ್ನ ಮುಖ ಕಂಡಿತು. ಅಲ್ಲಿ ಇರುವವನು, ತೆರೆದು ನೋಡಿದವನು. ದೇವರಿದ್ದಾನೆ ಎಂದ ನನ್ನಣ್ಣನನ್ನು, ನಿನಗೆ ಕಾಣಲಿಲ್ಲ ಎಂಬ ಸಿಟ್ಟಿಗೆ ಕೊಂದೆ!"

ಭಟನೊಬ್ಬ ಕತ್ತಿ ಹಿರಿದ. "ಬೇಡ" ಎಂದ ಮೊರೊನಾಗ. ಅವನ ಮುಖ ಬಿಳಿಚಿತ್ತು. "ಉತ್ತರ ಸರಿಯಾಗಿದೆ."

ಸಂಜೆಯೊಳಗೆ ಕೊಡಲಿಗಳು ಬೆಟ್ಟ ಇಳಿದವು. ಅಕ್ಕಿ ಗಾಡಿಗಳಿಗೇರಿತು. ಅರ್ಧ ಪಂಡಿತನ ಹೆಂಡತಿಗೆ, ಅರ್ಧ ಗುಡಿಯ ಬಡಗಿಗಳಿಗೆ ಎಂದಳು ನುಯಿ. ಅಣ್ಣನ ದೇಹವನ್ನು ಕೇಳಿ ಪಡೆದಳು.

ಹೊರಡುವಾಗ ಮೊರೊನಾಗ ಮೆಟ್ಟಿಲಿಳಿದು ಬಂದ. "ಇನ್ನೇನಾದರೂ ಬೇಕೇ, ತಂಗಿ?"

ನುಯಿ ತಿರುಗಿ ನಿಂತಳು. "ಅಕ್ಕಿ ತೆಗೆದುಕೊಂಡಳು, ಕ್ಷಮಿಸಿದಳು ಅಂದುಕೊಳ್ಳಬೇಡ. ತಂಗಿ ಅಂತಲೂ ಕರೆಯಬೇಡ. ಹಾಗೆ ಕರೆಯುತ್ತಿದ್ದವನು ಈ ಗಾಡಿಯಲ್ಲಿ ಮಲಗಿದ್ದಾನೆ."