ಕೊಟ್ರ ಮೊಲ ಸಾಕಿದ್ದು

ಕೇಳೋರು ಹತ್ರ ಬನ್ನಿ, ನಗೋರು ಸ್ವಲ್ಪ ದೂರ ಕೂತ್ಕೊಳ್ಳಿ, ಎಂಜಲು ಹಾರುತ್ತೆ.

ಒಂದೂರು. ಆ ಊರಲ್ಲಿ ಹಾಲವ್ವ. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಜೀವನ ಮಾಡ್ತಿದ್ಲು. ಅವಳ ರೊಟ್ಟಿ ಗುಂಡಗೆ. ಅವಳ ಮಗ ಕೊಟ್ರನ ತಲೆಯೂ ಗುಂಡಗೆ. ರೊಟ್ಟಿಯೊಳಗೆ ಜೋಳ ಇತ್ತು. ತಲೆಯೊಳಗೆ ಏನಿತ್ತೋ, ಆ ಶಿವನಿಗೇ ಗೊತ್ತು.

ಊರಿನ ತಾಯಂದಿರೆಲ್ಲ ಮಾತು ಕೇಳದ ಮಕ್ಕಳಿಂದ ಅಳ್ತಿದ್ರೆ, ಹಾಲವ್ವ ಹೇಳಿದ್ದನ್ನೆಲ್ಲ ಕೇಳೋ ಮಗನಿಂದ ಅಳ್ತಿದ್ಲು. "ಬೆಕ್ಕು ಬಂದೀತು, ಹಾಲು ನೋಡ್ತಿರು" ಅಂತ ಹೇಳಿ ಹೋದ್ರೆ ಕೊಟ್ರ ನೋಡ್ತಾನೇ ಇರೋನು. ಬೆಕ್ಕು ಬರೋದು, ಕುಡಿಯೋದು, ಮೀಸೆ ನೆಕ್ಕಿ ಹೋಗೋದು, ಎಲ್ಲಾನೂ ನೋಡೋನು.

"ಶಿವನೇ! ಇವನಿಗೆ ಬುದ್ಧಿ ಕೊಡು, ಇಲ್ಲ ನಂಗೆ ಕಿವುಡು ಕೊಡು!" ಅಂತ ಹಾಲವ್ವ ಹಣೆ ಹಣೆ ಚಚ್ಕೊಳ್ಳೋಳು.

ಹಿಂಗಿರೋವಾಗ ಎದುರು ಮನೇಲಿ ಬಾಡಿಗೆಗಿದ್ದ ಸಾಹೇಬ್ರಿಗೆ ವರ್ಗ ಆಯ್ತು. ಲಾರಿ ಬಂತು. ಸೋಫಾ ಹೇರಿದ್ರು, ಟಿವಿ ಹೇರಿದ್ರು, ಹಳೇ ಪೊರಕೆನೂ ಹೇರಿದ್ರು. ಮಗಳ ಹುಟ್ಟುಹಬ್ಬಕ್ಕೆ ಅಂತ ತಂದಿದ್ದ ಮೊಲವನ್ನ ಮಾತ್ರ ತುಳಸಿ ಕಟ್ಟೆ ಹತ್ರ ಬಿಟ್ಟು ಹೋದ್ರು.

ಬಿಳೀ ಮೊಲ. ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿದ್ದು. ಕೊಟ್ರ ನೋಡ್ದ. ಮೊಲಾನೂ ಕೊಟ್ರನ್ನ ನೋಡ್ತು. ಇಬ್ರಿಗೂ ಏನೂ ಅರ್ಥ ಆಗ್ಲಿಲ್ಲ, ಅದಕ್ಕೇ ಇಬ್ರಿಗೂ ಸ್ನೇಹ ಆಯ್ತು. ಅಂಗಿಯೊಳಗೆ ಹಾಕ್ಕೊಂಡು ಮನೆಗೆ ಬಂದ.

"ಯವ್ವಾ, ಬಿಟ್ಟು ಹೋಗ್ಯಾರೆ. ನಾವು ಸಾಕೋಣ. ಹೆಸರೂ ಇಟ್ಟೀನಿ, ಮಂಡಕ್ಕಿ!"

"ಮನೆಯೊಳಗೆ ಯಾರು ಮೊಲ ಸಾಕ್ತಾರೋ!"

ಗೋಡೆ ಆಚೆಯಿಂದ ಪಕ್ಕದ ಮನೆ ದುರುಗಪ್ಪ ಕತ್ತು ಚಾಚಿದ. "ಹಾಲಕ್ಕಾ, ಸಾಕೋದಾದ್ರೆ ಸಾಕು. ಬ್ಯಾಡ ಅನ್ನಿಸಿದ ದಿನ ನಂಗೊಂದು ಕೂಗು ಹಾಕು. ಮೊಲ ನಿಂದು, ಮಸಾಲೆ ನಂದು!"

ಕೊಟ್ರ ಮೊಲವನ್ನ ಗಟ್ಟಿಯಾಗಿ ತಬ್ಕೊಂಡ. ಹಾಲವ್ವನ ಕರುಳು ಚುರ್ ಅಂತು.

"ಇರ್ಲಿ ಬಿಡು. ಆದ್ರೆ ಕೇಳಿಸ್ಕೋ. ಇದರಿಂದ ನನ್ನ ರೊಟ್ಟಿಗೆ ಕಲ್ಲು ಬಿತ್ತೋ, ಅವತ್ತೇ ಇದು ದುರುಗಪ್ಪನ ಪಾಲು. ತಿಳೀತಾ? ಪಾಪ, ಹೊಸದಾಗಿ ಮನೆಗೆ ಬಂದೈತೆ. ಹೊಸ ಸೊಸೇನ ನೋಡ್ಕೊಂಡಂಗೆ ನೋಡ್ಕೋ."

ಹಂಗಂದು ಜೋಳ ಹೊತ್ಕೊಂಡು ಗಿರಣಿಗೆ ಹೋದ್ಲು. ತಿರುಗಿ ಬರ್ತಾಳೆ, ಮನೆ ಮುಂದೆ ಜನವೋ ಜನ! ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಓಣಿ ಹೆಂಗಸರ ಕೈಯಲ್ಲಿ ಆರತಿ ತಟ್ಟೆ. ಮೊಲದ ತಲೆ ಮೇಲೆ ಹಾಲವ್ವನ ಹಸಿರು ಕುಪ್ಪಸದ ಕಣ, ಸೆರಗು ಹೊದ್ದಂಗೆ. ಕೊಟ್ರ ಹಿಂದೆ ಕೂತು ಗೋಗರೀತಿದ್ದಾನೆ, "ಒದಿಯವ್ವಾ ಮಂಡಕ್ಕಿ! ಬಲಗಾಲಲ್ಲಿ ಒದ್ದು ಒಳಗೆ ಬಾರವ್ವಾ!"

ಮೊಲ ಒದೀಲಿಲ್ಲ. ಸೇರಿನ ಮುಂದೆ ಕೂತು ಅಕ್ಕಿ ತಿನ್ನೋಕೆ ಶುರು ಮಾಡ್ತು.

"ಅಯ್ಯಯ್ಯ, ಸೊಸೆ ಹೊಸ್ತಿಲಲ್ಲೇ ಊಟಕ್ಕೆ ಕೂತ್ಲಲ್ಲೇ!" ಅಂದ್ಲು ಒಬ್ಬಳು.

"ಗಂಡನ ಹೆಸರು ಹೇಳಿಸ್ರೇ! ಹೇಳದೆ ಒಳಗೆ ಬಿಡಬ್ಯಾಡ್ರೀ!" ಅಂದ್ಲು ಇನ್ನೊಬ್ಬಳು.

ಅಷ್ಟರಲ್ಲಿ ಕೊಟ್ರ ಕರೆಸಿದ್ದ ಹಲಗೆಯವನು ಢಂ ಅಂತ ಬಾರಿಸಿದ. ಮೊಲ ಚಂಗನೆ ಹಾರಿ ಹಿಟ್ಟಿನ ಡಬ್ಬಿಯೊಳಗೆ ಬಿತ್ತು! ಒಳಗೆ ಹೋಗುವಾಗಲೂ ಬಿಳಿ, ಹೊರಗೆ ಬರುವಾಗಲೂ ಬಿಳಿ. ಹೆದರಿ ಒಳಗೆ ಏನು ಹಾಕಿ ಬಂತೋ, ಅದು ಮಾತ್ರ ಬಿಳಿ ಇರಲಿಲ್ಲ.

"ಏ ಹುಚ್ಚಪ್ಪಾ! ಮೊಲಕ್ಕೆ ಹಲಗೆ ಹೊಡೆಸ್ತಾರೇನೋ!"

"ಹೊಸ ಸೊಸೇನ ನೋಡ್ಕೊಂಡಂಗೆ ಅಂತ ನೀನೇ ಹೇಳ್ದೆ ಯವ್ವಾ!"

"ಅಂಜುಬುರುಕ ಪ್ರಾಣಿ ಕಣೋ ಅದು! ಹೊಸಬರು ಮನೆಗೆ ಬಂದ್ರೆ ತುಟಿ ಪಿಟಿಕ್ ಅನ್ಬಾರ್ದು. ನೆಲದ ಮೇಲೆ ಮಲಗ್ಬೇಕು. ಒಂದು ಹಿಡಿ ಹುಲ್ಲು ಚಾಚಿ ಸುಮ್ನಿರ್ಬೇಕು. ಅವೇ ಹತ್ರ ಬರ್ತವೆ. ತಿಳೀತಾ?"

"ತಿಳೀತವ್ವಾ!"

ಈ ತಿಳೀತವ್ವಾ ಅನ್ನೋ ಮಾತು ಕೇಳಿದ್ರೆ ಹಾಲವ್ವನಿಗೆ ಚಳಿ ಜ್ವರ ಬರ್ತಿತ್ತು.

ಮಾರನೇ ದಿನ ಹಾಲವ್ವ ನೀರಿಗೆ ಹೋಗಿದ್ಲು. ರೊಟ್ಟಿ ಒಯ್ಯೋಕೆ ದಿನಾ ಬರೋ ಆಳಿನ ಬದಲು ಖಾನಾವಳಿ ಶಿವಯೋಗಪ್ಪನೇ ಬಂದ. ಭಾರೀ ಆಸಾಮಿ, ಬಾಗಿಲು ತುಂಬೋ ಹೊಟ್ಟೆ. ಕೊಟ್ರ ಹಿಂದೆಂದೂ ಅವನ ಮುಖ ನೋಡಿರಲಿಲ್ಲ. ಹೊಸಬ! ಕೊಟ್ರ ಧಡ್ ಅಂತ ನೆಲಕ್ಕೆ ಬಿದ್ದ. ಬಾಯಿ ಮುಚ್ಚಿದ. ಒಂದು ಹಿಡಿ ಹುಲ್ಲು ಚಾಚಿದ.

"ತಮ್ಮಾ, ಹಾಲವ್ವ ಎಲ್ಲಿ?"

ಮಾತಿಲ್ಲ.

"ರೊಟ್ಟಿ ಆಗ್ಯಾವೇನು?"

ಮಾತಿಲ್ಲ. ಹುಲ್ಲು ಇನ್ನೊಂಚೂರು ಮುಂದಕ್ಕೆ ಬಂತು.

"ಅಯ್ಯೋ, ಹುಡುಗನಿಗೆ ಮೂರ್ಛೆ!" ಅಂತ ಶಿವಯೋಗಪ್ಪ ಕಿರುಚಿ, ಸೊಂಟದ ಬೀಗದ ಕೈ ಗೊಂಚಲು ಕಿತ್ತು ಕೊಟ್ರನ ಕೈಗೆ ಹಿಡಿಸಿದ. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ. ಒಂದು ಕೊಡ ನೀರು ಮುಖಕ್ಕೆ ಸುರಿದ. ಕೊಟ್ರ ಅಲ್ಲಾಡ್ಲಿಲ್ಲ! ಹತ್ರ ಬಂದಾನಲ್ಲ, ಇನ್ನೇನು ಹುಲ್ಲು ತಿಂತಾನೆ ಅಂತ ಖುಷಿಯಿಂದ ಕಾಯ್ತಿದ್ದ. ಶಿವಯೋಗಪ್ಪ ಹೆದರಿ ರೊಟ್ಟಿ ಬಿಟ್ಟು ಓಡಿದ.

ಹಾಲವ್ವ ಬಂದು, ನಡೆದಿದ್ದು ಕೇಳಿ ತಲೆ ಮೇಲೆ ಕೈ ಹೊತ್ಲು. "ಮೊಲಕ್ಕೆ ಹೇಳಿದ್ದನ್ನ ಮನುಷ್ಯನಿಗೆ ಮಾಡ್ತಾರೇನೋ! ಬಾಗಿಲಿಗೆ ಬಂದೋರ್ನ ಬಾಯ್ತುಂಬ ಮಾತಾಡಿಸ್ಬೇಕು. ಕಾಲಿಗೆ ನೀರು ಕೊಡ್ಬೇಕು. ರೊಟ್ಟಿ ಹಾಕಿ, ಸಾಕು ಅನ್ನೋ ತನಕ ಬಡಿಸ್ಬೇಕು. ಎಲೆ ಅಡಿಕೆ ಕೊಟ್ಟು ಕಳಿಸ್ಬೇಕು. ತಿಳೀತಾ?"

"ತಿಳೀತವ್ವಾ!"

ಆಮೇಲೆ ಬಾಗಿಲಿಗೆ ಬಂದಿದ್ದು ಯಾರು? ಓಣಿಯ ಕೆಂದ ನಾಯಿ! ಮೊಲದ ವಾಸನೆ ಹಿಡ್ಕೊಂಡು, ನಾಲಿಗೆ ಮೊಳದುದ್ದ ಬಿಟ್ಕೊಂಡು ಬಂತು. ಮಂಡಕ್ಕಿ ಒಂದೇ ನೆಗೆತಕ್ಕೆ ಹಾಸಿಗೆ ಸುರುಳಿ ಹತ್ತಿ ಕೂತ್ಕೊಳ್ತು.

"ಬನ್ನಿ ಬನ್ನಿ! ಊರಲ್ಲೆಲ್ಲ ಆರಾಮಾ? ಮನೇಲಿ ಮರಿಗಳು ಚೆನ್ನಾಗವಾ?" ಅಂದ ಕೊಟ್ರ. ನಾಯಿಯ ನಾಲ್ಕೂ ಕಾಲು ತೊಳೆದ. ತಟ್ಟೆ ಇಟ್ಟು ರೊಟ್ಟಿ ಬಡಿಸಿದ. ನಾಯಿ ತಿಂತು. ಮತ್ತೆ ಬಡಿಸಿದ, ಮತ್ತೆ ತಿಂತು. ಬುಟ್ಟಿ ಬರಿದಾಯ್ತು. ಕೊನೆಗೆ ಎಲೆ ಅಡಿಕೆ ಇಟ್ಟ. ನಾಯಿ ಅದನ್ನ ಮೂಸಿ, ಸೀನಿ, ಹೊಟ್ಟೆ ಎಳ್ಕೊಂಡು ಹೋಯ್ತು. ಮೊಲದ ನೆನಪೂ ಅದಕ್ಕೆ ಉಳಿದಿರಲಿಲ್ಲ.

"ಬುಟ್ಟಿ ರೊಟ್ಟಿ ಎಲ್ಲಿ ಹೋದ್ವೋ!"

"ಬಂದೋರಿಗೆ ಬಡಿಸ್ದೆ ಯವ್ವಾ. ಸಾಕು ಅನ್ನಲೇ ಇಲ್ಲ! ಬಲು ಸಂಕೋಚ ಇಲ್ಲದ ನೆಂಟ."

ಹಾಲವ್ವ ಅಂಗಳದಲ್ಲಿ ನಾಯಿಯ ಒದ್ದೆ ಹೆಜ್ಜೆ ಕಂಡು ಕುಸಿದು ಕೂತ್ಲು. ಗೋಡೆ ಆಚೆಯಿಂದ ದುರುಗಪ್ಪ, "ಹಾಲಕ್ಕಾ, ಮಸಾಲೆ ಅರೆಯೋಕೆ ಹೇಳ್ಲಾ?" ಅಂದ.

"ಸುಮ್ನಿರು ಮಾರಾಯಾ!" ಅಂತ ಹಾಲವ್ವ ಅವನಿಗೆ ಗದರಿ, ಮಗನ ಕಿವಿ ಹಿಂಡಿದ್ಲು. "ಇದೇ ಕೊನೇ ಸಲ ಹೇಳ್ತೀನಿ. ಬಾಯಲ್ಲಿ ಉಸಿರು ಬಿಡ್ತಾ, ರೊಟ್ಟಿ ಮೇಲೆ ಕಣ್ಣು ಹಾಕ್ಕೊಂಡು ಯಾರು ಬಂದ್ರೂ ಕೋಲು ತಗೋ. ಹಚಾ ಹಚಾ ಅಂತ ಊರಾಚೆ ತನಕ ಅಟ್ಟು. ಇನ್ನೊಂದು ಸಲ ಹಿಂಗಾದ್ರೆ ಮಂಡಕ್ಕಿ ಈ ಮನೇಲಿರಲ್ಲ. ತಿಳೀತಾ?"

"ತಿಳೀತವ್ವಾ!" ಅಂತ ಕೊಟ್ರ ಆಗಲೇ ಒಂದು ಕೋಲು ಹುಡುಕಿ ಬಾಗಿಲ ಹತ್ರ ಇಟ್ಕೊಂಡ.

ಇತ್ತ ಶಿವಯೋಗಪ್ಪನ ಖಾನಾವಳಿಗೆ ಒಂದು ದೊಡ್ಡ ಮದುವೆಯ ಊಟ ಸಿಕ್ತು. ಹಾಲವ್ವನ ರೊಟ್ಟಿಯೇ ಆಗ್ಬೇಕು ಅಂತ ಬೀಗರ ಹಟ. ಪಾಪ, ಆ ಭಾರೀ ದೇಹ ಹೊತ್ಕೊಂಡು ಬಿಸಿಲಲ್ಲಿ ನಡ್ಕೊಂಡು ಬಂದ. ಏದುಸಿರು ಬಿಡ್ತಾ ಬಂದ. ಒಳಗೆ ಕಾಲಿಡೋಕೂ ಮುಂಚೆ ಬುಟ್ಟಿ ಕಡೆ ಕಣ್ಣು ಹಾಯಿಸಿ, "ರೊಟ್ಟಿ ಅವ್ಯಾ?" ಅಂದ.

ಕೊಟ್ರ ನೋಡ್ದ. ಬಾಯಲ್ಲಿ ಉಸಿರು, ಹೌದು! ರೊಟ್ಟಿ ಮೇಲೆ ಕಣ್ಣು, ಹೌದು! ಮಂಡಕ್ಕಿ ಮನೇಲಿರ್ಬೇಕೋ ಬ್ಯಾಡ್ವೋ? ಇರ್ಬೇಕು!

"ಹಚಾ! ಹಚಾ! ಹಚಾ!"

"ಏ, ನಾನು ಶಿವಯೋಗಪ್ಪ ಕಣೋ!"

"ಯಾವ ಓಣಿ ಶಿವಯೋಗಪ್ಪ ಆದ್ರೂ ಹಚಾ!"

ಬಸ್ ನಿಲ್ದಾಣ ದಾಟ್ತು, ಕೆರೆ ಏರಿ ದಾಟ್ತು. ಶಿವಯೋಗಪ್ಪನ ಒಂದು ಚಪ್ಪಲಿ ಏರಿ ಮೇಲೆ, ಇನ್ನೊಂದು ಏರಿ ಕೆಳಗೆ. ಹಂಗೂ ಹಿಂಗೂ ಊರಾಚೆ ಮುಟ್ಟಿಸಿ, ಬೆವರು ಒರೆಸ್ಕೊಂಡು, ಎದೆ ಉಬ್ಬಿಸ್ಕೊಂಡು ಕೊಟ್ರ ಬಂದ. "ಯವ್ವಾ, ಈ ಸಲ ಸರಿ ಮಾಡ್ದೆ!"

ಕೇಳಿ ಹಾಲವ್ವ ಬೈಲಿಲ್ಲ, ಹೊಡೀಲಿಲ್ಲ. ಮೆಲ್ಲಗೆ ಒಂದೇ ಮಾತು ಅಂದ್ಲು. "ನಾಳೆ ಬೆಳಿಗ್ಗೆ ದುರುಗಪ್ಪ ಬರ್ತಾನೆ. ಮೊಲ ಕೊಟ್ಬಿಡು."

ಬೈದಿದ್ರೆ ಕೊಟ್ರ ಅಳ್ತಿರಲಿಲ್ಲ. ಮೊಲದ ಪಕ್ಕ ಕೂತು ಮೂಗು ಸುರಿಸ್ಕೊಂಡು ಅತ್ತ. ಅದರ ಮಡಚಿದ ಕಿವಿ ಸವರಿದ, ಅತ್ತ. ಸವರಿದ, ಅತ್ತ.

ಬೆಳಗಾಯ್ತು. ಆಗ ನೋಡಿ, ಮಂಡಕ್ಕಿ ಹಲ್ಲು ಕಟಕಟ ಅನ್ನಿಸ್ತು, ಧೊಪ್ಪಂತ ಪಕ್ಕಕ್ಕೆ ಬಿತ್ತು, ಕಾಲು ನೀಟಿ ಚಾಚ್ತು. ಕಣ್ಣು ತೆರೆದಂಗೇ ಇದ್ವು.

ಮೊಲ ಒಂದು ಮನೇನ ತನ್ನದೇ ಅಂತ ಒಪ್ಕೊಂಡ ದಿನ ಹಿಂಗೇ ಬೀಳುತ್ತೆ, ಕಣ್ಣು ಬಿಟ್ಕೊಂಡೇ ನಿದ್ದೆ ಮಾಡುತ್ತೆ. ಆದ್ರೆ ಮೊದಲನೇ ಸಲ ಮೊಲ ಸಾಕಿದೋರಿಗೆ ಇದೆಲ್ಲ ಎಲ್ಲಿ ಗೊತ್ತಿರ್ಬೇಕು?

"ಯವ್ವಾ! ಮಂಡಕ್ಕಿ ಸತ್ತೋಯ್ತು!"

ಹಾಲವ್ವ ಓಡಿ ಬಂದ್ಲು. ಮುಟ್ಟಿ ನೋಡ್ಲಿಲ್ಲ, ಸೆರಗು ಬಾಯಿಗೆ ಒತ್ಕೊಂಡ್ಲು. "ನಾನೇ ಬಾಯಿ ಸೋತು ಕೊಡ್ತೀನಿ ಅಂದೆ. ಅದನ್ನ ಕೇಳೇ ಎದೆ ಒಡೀತೇನೋ, ಪಾಪ! ಮನೆ ಮಗುವಂಗೆ ಇತ್ತು. ನಿಮ್ಮಪ್ಪನಿಗೆ ಹೆಂಗೆ ಮಾಡಿದ್ವೋ ಹಂಗೇ ಮಾಡಿ ಮಣ್ಣು ಮಾಡು, ಮಗಾ."

ಕೊಟ್ರ ಹಂಗೇ ಮಾಡ್ದ! ಅವರ ಮಂದಿಯಲ್ಲಿ ಸತ್ತೋರನ್ನ ಕೂರಿಸಿ ಮೆರವಣಿಗೆ ಮಾಡಿ, ಕೂರಿಸಿಯೇ ಹೂಳೋದು. ರೊಟ್ಟಿ ಬುಟ್ಟಿಗೆ ಬಾಳೆದಿಂಡು ಕಟ್ಟಿ, ಹಣೆಗೆ ವಿಭೂತಿ ಬಳಿದು, ಮಂಡಕ್ಕಿಯನ್ನ ದಿಂಬಿಗೆ ಆನಿಸಿ ಕೂರಿಸಿದ. ಭಜನೆ ಮಂದಿ ಬಂದ್ರು. ಹಲಗೆ ಢಂ ಅಂತು. ಮೊಲಕ್ಕೆ ಎಚ್ಚರ ಆಯ್ತು. ಆದ್ರೆ ಅಂಜಿದ ಮೊಲ ಕಲ್ಲಿನಂಗೆ ಕೂತ್ಬಿಡುತ್ತೆ. ಹಂಗೇ ಕೂತ್ಕೊಳ್ತು.

"ಮುಖದಾಗೆ ಎಂಥ ಕಳೆ ನೋಡ್ರೀ!" ಅಂದ್ರು ಹೆಂಗಸರು.

ಹಾಲವ್ವನ ಮನೇಲಿ ಸಾವು ಅಂತ ಕೇಳಿ ಶಿವಯೋಗಪ್ಪನೂ ಬಂದ, ಬರಿಗಾಲಲ್ಲಿ. ಜಗಳ ಜಗಳಕ್ಕೆ, ಸಾವು ಸಾವಿಗೆ. ಮೂರ್ಛೆ ಹುಡುಗನೇ ಹೋಗಿರ್ಬೇಕು ಅಂದ್ಕೊಂಡು ಆಳುದ್ದದ ಸೇವಂತಿಗೆ ಹಾರ ತಂದಿದ್ದ. ಹುಡುಗ ಬುಟ್ಟಿ ಹೊತ್ತು ಮುಂದೆ ನಿಂತಾನೆ! ತಂದ ಹಾರ ಎಲ್ಲಿ ಹಾಕೋದು? ಮೊಲಕ್ಕೇ ಹಾಕ್ದ. ಹಾರದೊಳಗೆ ಮಂಡಕ್ಕಿ ಮುಳುಗಿಹೋಯ್ತು. ದುರುಗಪ್ಪನೂ ಹಿಂದಿಂದೆ ಬಂದ. ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ, ಮಸಾಲೆ ಅರೆದಿಟ್ಟು ಬಂದಿದ್ದ.

ಹೊಲದ ಬದುವಿನಲ್ಲಿ ಗುಂಡಿ ತೋಡಿದ್ರು. ಕೊಟ್ರ ಗುಂಡಿ ತೋಡಿಸಿದ್ದೂ ಅಪ್ಪನಿಗೆ ತೋಡಿಸಿದಂಗೇ, ಒಂದಾಳು ಆಳ. ಎಲ್ಲಾರೂ ಕಣ್ಣು ಮುಚ್ಚಿ ಕೈ ಮುಗಿದ್ರು. ಹಲಗೆ ನಿಲ್ತು. ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಒಂದು ಸಣ್ಣ ಸದ್ದು. ಕರುಂ. ಕರುಂ. ಕರುಂ.

ಕಣ್ಣು ತೆರೆದ್ರು. ಹಾರದಲ್ಲಿ ಅರ್ಧ ಇಲ್ಲ.

"ಹೆಣ ಹೂ ತಿಂತೈತೆ!"

ಭಜನೆ ಮಂದಿ ತಾಳ ಬಿಸಾಕಿ ಓಡಿದ್ರು. ಶಿವಯೋಗಪ್ಪ ಓಡೋದರಲ್ಲಿ ಪಳಗಿದ್ದ, ಎಲ್ಲರಿಗಿಂತ ಮುಂದಿದ್ದ. "ಮದುವೆ ರೊಟ್ಟಿ ಮಾತ್ರ ಮರೀಬ್ಯಾಡವ್ವೋ! ಆಳು ಕಳಿಸ್ತೀನಿ, ನಾನು ಬರಲ್ಲ!" ಅಂತ ದೂರದಿಂದಲೇ ಕೂಗಿದ.

ಹಾಲವ್ವ ಮೊಲವನ್ನ ಬಾಚಿ ಮಡಿಲಿಗೆ ಹಾಕ್ಕೊಂಡ್ಲು. ನಗು ಬಂತೋ ಅಳು ಬಂತೋ ಅವಳಿಗೇ ತಿಳೀಲಿಲ್ಲ. "ದುರುಗಪ್ಪಾ, ಬದುಕೈತೆ ನೋಡು. ಬೇಕೇನು?"

ದುರುಗಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದ. "ಬ್ಯಾಡ ತಾಯೀ! ಸತ್ತು ಎದ್ದ ಮೊಲ. ತಿಂದ ಮೇಲೆ ಹೊಟ್ಟೆಯೊಳಗೂ ಎದ್ದು ಕೂತ್ರೆ?"

ಮಂಡಕ್ಕಿ ಉಳೀತು! ಕೊಟ್ರ ಕುಣಿದಾಡಿದ.

ಗುಂಡಿ ತೋಡೋಕೆ ಬಂದಿದ್ದ ಮುದುಕ ಮಾತ್ರ ಸಲಿಕೆ ಊರಿ ನಿಂತೇ ಇದ್ದ. "ಹಾಲವ್ವಾ, ಹೆಣಕ್ಕಂತ ತೋಡಿದ ಗುಂಡಿ ಬರಿದಾಗಿ ಮುಚ್ಚಬಾರ್ದು. ಊರಿಗೆ ಒಳ್ಳೇದಲ್ಲ. ಏನಾದ್ರೂ ಹಾಕ್ಲೇಬೇಕು."

"ಲೇ ಕೊಟ್ರಾ, ಮನೇಲಿ ಉಪಯೋಗಕ್ಕೆ ಬಾರದ್ದು ಯಾವುದೈತೋ ಅದನ್ನ ಹಾಕಿ ಮುಚ್ಚಿಸಿ ಬಾರೋ. ನಾನು ಇದಕ್ಕೆ ನೀರು ಕುಡಿಸ್ತೀನಿ" ಅಂತ ಹಾಲವ್ವ ಮೊಲ ಎತ್ಕೊಂಡು ಹೊರಟ್ಲು.

"ತಿಳೀತವ್ವಾ!"

ಕೊಟ್ರ ಯೋಚನೆ ಮಾಡ್ದ. ಹರಿದ ಚಾಪೆ? ಜೋಳ ಒಣಗಿಸೋಕೆ ಬರುತ್ತೆ. ಒಡೆದ ಮಡಿಕೆ? ಕೋಳಿಗೆ ನೀರಿಡೋಕೆ ಬರುತ್ತೆ. ಮುರಿದ ಕೊಡೆ? ಕಾಗೆ ಬೆದರಿಸೋಕೆ ಬರುತ್ತೆ. ಮನೆಯ ಸಾಮಾನೆಲ್ಲ ಮನಸಲ್ಲೇ ತಿರುವಿ ಹಾಕ್ದ. ಎಲ್ಲಾನೂ ಒಂದಲ್ಲ ಒಂದಕ್ಕೆ ಬರುತ್ತೆ. ಥಟ್ಟನೆ ಅವನ ಮುಖ ಅರಳ್ತು.

ಹಾಲವ್ವ ಏನೋ ಅನುಮಾನ ಬಂದು ಹಿಂದಕ್ಕೆ ಬಂದು ಇಣುಕಿ ನೋಡ್ತಾಳೆ. ಬದುವಿನ ಮೇಲೆ ಮುದುಕ ಸಲಿಕೆ ಕೈಬಿಟ್ಟು, ಬಾಯಿಬಿಟ್ಟು ನಿಂತಾನೆ. ಗುಂಡಿಯೊಳಗೆ ಕೊಟ್ರ, ಹಣೆ ತುಂಬ ವಿಭೂತಿ, ಕೊರಳಿಗೆ ಮೊಲ ತಿಂದುಳಿದ ಅರ್ಧ ಹಾರ, ಚಕ್ಕಳಮಕ್ಕಳ ಹಾಕಿ ಕೂತ್ಬಿಟ್ಟಿದ್ದಾನೆ.

"ಬೇಗ ಬೇಗ ಮುಚ್ಚು ಅಜ್ಜಾ! ಮಂಡಕ್ಕಿಗೆ ಹುಲ್ಲು ತರೋಕೆ ಹೋಗ್ಬೇಕು!"