ಅಳಿಲಿಗೆ ಮಡಿಕೆ ಕಲಿಸಿದ ಬೊಮ್ಮಯ್ಯ

"ಕೇಳಿರಿ, ಕೇಳಿರಿ! ಅಳಿಲು ತುಂಬಿಹೋಗಿದೆ. ಏನನ್ನೂ ಅಳಿಸದೆ ಜಾಗ ಮಾಡಬಲ್ಲವರು ಅರಮನೆಗೆ ಬನ್ನಿ. ರಾಜಕುಮಾರಿಯ ಮೂರು ಒಗಟು ಬಿಡಿಸಿದರೆ ಬೇಡಿದ್ದು ಸಿಗುತ್ತದೆ. ತಪ್ಪಿದರೆ ಸಂಜೆಗೆ ತಲೆ ಹೋಗುತ್ತದೆ!"

ನೀಲಾವತಿ ಪಟ್ಟಣದ ಬೀದಿಗಳಲ್ಲಿ ಡಂಗುರ ಮೊಳಗಿತು. ಅಳಿಲು ಎಂಬುದು ಆ ರಾಜ್ಯದ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಅದರ ಕೋಡನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಿ ಕಳಿಸಬಹುದಿತ್ತು. ಬಂದದ್ದನ್ನು ಪರೀಕ್ಷಿಸಿ ಸೇರಿಸುತ್ತಿದ್ದವಳು ರಾಜಕುಮಾರಿ ಮೃಣಾಲಿನಿ. ಈಗ ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ದಾರಿ ಕಾಣದಿದ್ದರೆ ಗುಡ್ಡದ ಜನರ ಹಾಡುಗಳನ್ನು ಅಳಿಸಿಬಿಡುವುದೆಂದು ರಾಜ ತೀರ್ಮಾನಿಸಿದ್ದ. ಆ ಹಾಡುಗಳ ನುಡಿ ಬಲ್ಲವರು ಕೆಲವರೇ ಉಳಿದಿದ್ದರು.

ಡೇರೆ ಹೊಲಿಯುವ ಬೊಮ್ಮಯ್ಯ ಅವರಲ್ಲೊಬ್ಬ. ತೀರಿಹೋದ ತಾಯಿ ಹಾಡಿದ್ದ ಹಾಡುಗಳೂ ಆ ಡಿಸ್ಕಿನಲ್ಲೇ ಇದ್ದವು. ಕೋಡು ಓದಿ ಓದಿ ಅವನೊಂದು ಉಪಾಯ ಬರೆದಿಟ್ಟಿದ್ದ.

"ಹೋಗ್ಬೇಡ ಕಣೋ" ಎಂದು ಅಕ್ಕ ಕೈ ಹಿಡಿದಳು.

"ಹಾಡು ಹೋದ್ರೆ ಅವ್ವ ಇನ್ನೊಂದ್ಸಲ ಹೋದಂಗೆ, ಅಕ್ಕಾ" ಎಂದು ಹೊರಟೇಬಿಟ್ಟ.

ಸಭೆ ಕಿಕ್ಕಿರಿದಿತ್ತು. "ಮಡಿಸಿದರೆ ಹಿಡಿಯಷ್ಟು, ಬಿಚ್ಚಿದರೆ ಮೊದಲಿನಷ್ಟೇ. ಒಂದೆಳೆಯೂ ಕೆಡದು. ಏನದು?" ಎಂದಳು ಮೃಣಾಲಿನಿ.

"ರೇಷ್ಮೆ ಸೀರೆ!" ಎಂದ ವರ್ತಕನ ಮಗ ಧನಪಾಲ.

"ರೇಷ್ಮೆಗೂ ಸುಕ್ಕು ಬೀಳುತ್ತದೆ." ಭಟರು ಅವನಿಗೆ ಸರಪಳಿ ತೊಡಿಸಿದರು.

ಸೇನಾಪತಿಯ ಮಗ ರಣಧೀರ ಮುಂದೆ ಬಂದ. "ಹಿಂಡಿಟ್ಟ ಕಡತ, ಅಂದರೆ ಜಾಗ ಉಳಿಸಲು ಕುಗ್ಗಿಸಿಟ್ಟ ಫೈಲು" ಎಂದ. ಸಭೆ ಚಪ್ಪಾಳೆ ತಟ್ಟಿತು.

"ಸಾವಿರ ಪುಟ ಹಿಂಡಿ ಇಟ್ಟಿದ್ದೇನೆ. ನಡುವಿನ ಒಂದೇ ಪುಟ ಬೇಕು. ಎಲ್ಲವನ್ನೂ ಬಿಚ್ಚದೆ ಹೇಗೆ ತೆಗೆಯಲಿ?" ಎಂದು ಮೃಣಾಲಿನಿ ಎರಡನೆಯ ಒಗಟು ಒಡ್ಡಿದಳು.

"ಬಲಶಾಲಿ ಯಂತ್ರ ತರಿಸಿ, ಎಲ್ಲವನ್ನೂ ಬೇಗ ಬಿಚ್ಚಿಸಿ!"

"ಬಿಚ್ಚದೆ ಎಂದೆನಲ್ಲ?" ಅವನಿಗೂ ಸರಪಳಿ ಬಿತ್ತು.

ಬೊಮ್ಮಯ್ಯನ ಸರದಿ ಬಂತು. ಮೊದಲ ಒಗಟಿನ ಗುಟ್ಟನ್ನು ಅವನು ಬಿಡಿಸಿ ಹೇಳಿದ: "ನಮ್ಮ ಹಾಡಲ್ಲಿ ಒಂದೇ ಸೊಲ್ಲು ಮತ್ತೆ ಮತ್ತೆ ಬರುತ್ತೆ, ತಾಯಿ. ಒಮ್ಮೆ ಬರೆದು, ಉಳಿದ ಕಡೆ ಗುರುತು ಹಾಕಿದರೆ ಸಾಕು. ಹಾಡುವಾಗ ಪೂರ್ತಿ ಬರುತ್ತೆ."

"ಎರಡನೆಯದು?"

"ಒಂದೇ ಗಂಟು ಕಟ್ಟಬಾರದು. ಸಣ್ಣ ಸಣ್ಣ ಕಟ್ಟು ಮಾಡಿ ಬೇರೆಬೇರೆಯಾಗಿ ಹಿಂಡಬೇಕು. ಯಾವುದು ಎಲ್ಲಿದೆ ಅಂತ ಗುರುತಿಟ್ಟರೆ, ಬೇಕಾದ ಕಟ್ಟು ಮಾತ್ರ ಬಿಚ್ಚಬಹುದು."

ಮೃಣಾಲಿನಿಯ ಕಣ್ಣು ಹೊಳೆಯಿತು. "ಕೊನೆಯದು. ಹಿಂಡಿದರೆ ಕುಗ್ಗುವ ಬದಲು ಹಿಗ್ಗುವುದು ಯಾವುದು?"

ತಲೆ ಕಡಿಯುವ ತಳವಾರ ಎದ್ದು ನಿಂತ. ಹಿಂಡಿದರೆ ಹಿಗ್ಗುವುದೇ? ಬೊಮ್ಮಯ್ಯ ತನ್ನ ಕೋಡನ್ನು ಮನಸ್ಸಿನಲ್ಲೇ ತಿರುವಿಹಾಕಿದ. ತಟ್ಟನೆ, ತನ್ನ ಉಪಾಯ ಕೈಕೊಟ್ಟಿದ್ದ ಒಂದು ದಿನ ಅವನ ನೆನಪಿಗೆ ಬಂತು.

"ಈಗಾಗಲೇ ಹಿಂಡಿದ್ದು!" ಎಂದು ಕೂಗಿದ. "ಅದರಲ್ಲಿ ಮತ್ತೆ ಬರುವ ಸೊಲ್ಲೇ ಉಳಿದಿರಲ್ಲ. ಇನ್ನೊಮ್ಮೆ ಹಿಂಡಿದರೆ ಗುರುತುಗಳ ಭಾರವೇ ಹೆಚ್ಚಾಗುತ್ತೆ. ಅದನ್ನು ಹಾಗೇ ಬಿಡಬೇಕು!"

ಮೃಣಾಲಿನಿ ಅವನ ಕೋಡನ್ನು ಸಾಲುಸಾಲಾಗಿ ಓದಿದಳು, ಅಲ್ಲಲ್ಲಿ ತಿದ್ದಿಸಿದಳು, ಸಭೆಯೆದುರೇ ಅಳಿಲಿಗೆ ಸೇರಿಸಿದಳು. ನೋಡನೋಡುತ್ತ ಅರ್ಧ ಡಿಸ್ಕು ಖಾಲಿಯಾಯಿತು! ಒಂದು ಗುಡ್ಡದ ಹಾಡು ತೆರೆದು ನೋಡಿದರೆ ಒಂದಕ್ಷರವೂ ಕೆಟ್ಟಿರಲಿಲ್ಲ. ಜನ ಕುಣಿದಾಡಿದರು.

"ಏನು ಬೇಕು, ಕೇಳಪ್ಪ" ಎಂದ ರಾಜ.

"ಅವರಿಬ್ಬರ ತಲೆ, ಮಹಾಪ್ರಭು. ಭುಜದ ಮೇಲೆಯೇ ಇರಲಿ. ಅಳಿಲಿನಲ್ಲಿ ಇನ್ನೂ ರಾಶಿ ಕೆಲಸ ಇದೆ, ನನ್ನೊಬ್ಬನ ಕೈಲಾಗಲ್ಲ."

ಮೃಣಾಲಿನಿ ಗಟ್ಟಿಯಾಗಿ ನಕ್ಕು ತನ್ನ ಪಕ್ಕದಲ್ಲೇ ಅವನಿಗೆ ಪೀಠ ಹಾಕಿಸಿದಳು. ಸರಪಳಿ ಕಳಚಿದ ರಣಧೀರ ಕೈ ಉಜ್ಜಿಕೊಳ್ಳುತ್ತ ಬಂದು ಕೇಳಿದ, "ನಾನು ಎಲ್ಲಿಂದ ಶುರುಮಾಡಲಿ, ಬೊಮ್ಮಣ್ಣ?"