ಹತ್ತು ಸಾವಿರದ ಏಳು ಕಲ್ಲು

“ಗುರುಗಳೇ, ಆ ಚಪ್ಪಲಿ ಹೊಲಿಯುವವನನ್ನು ಇವತ್ತಿನಿಂದ ಹೊರಗಿನ ಜಗಲಿಯಲ್ಲಿ ಉಣ್ಣಲು ಕೂರಿಸಲೇ?” ಎಂದು ನಿಂಗಯ್ಯ ಕೇಳಿದ. ಮಠದ ಊಟದ ಉಸ್ತುವಾರಿ ಅವನದು. ಅವನ ಮೂಗಿನ ಹೊಳ್ಳೆಗಳು ಸಿಟ್ಟಿನಿಂದ ಅರಳಿದ್ದವು. “ಇರುವ ನಾಲ್ಕು ಪಂಕ್ತಿಯಲ್ಲಿ ಅವನು ಯಾವುದಕ್ಕೆ ಹೋದರೂ ಪಕ್ಕದವರು ಎಲೆ ಬಿಟ್ಟು ಏಳುತ್ತಾರೆ. ಒಬ್ಬನಿಂದ ಎಲ್ಲರ ಊಟ ಕೆಡುತ್ತಿದೆ.”

ಗುರುಗಳಿಗೂ ಸಿಟ್ಟು ಬಂದಿತ್ತು. ಅದನ್ನು ನುಂಗಿಕೊಂಡು ಕತೆ ಹೇಳಿದರು.

ಒಬ್ಬ ಪಾಳೆಯಗಾರನಿದ್ದ. ಅರಮನೆಯ ಮುಂದೆ ಅಂಗಳ ಹಾಸಲು ಮನೆಗೊಂದರಂತೆ ಗೇಣಗಲದ ಚಪ್ಪಡಿ ತರಿಸಿದ. ಯಾರ ಮನೆಯ ಕಲ್ಲು ಸಾಲು ಸೇರಿತೋ ಅವರು ನಾಡಿನವರು, ಸೇರದವರು ಗಡಿ ದಾಟಬೇಕು ಎಂದು ಕಟ್ಟಳೆ ಮಾಡಿದ. “ಒಡೆಯದೆ, ಮಿಗದೆ, ಸಮ ಸಾಲಿನಲ್ಲಿ ಹಾಸಿದ್ದನ್ನು ಒಪ್ಪದಿದ್ದರೆ ನನ್ನ ಕುಲದೇವರಾಣೆ” ಎಂದು ಜನರೆದುರು ಹೇಳಿ, ಕೆಲಸವನ್ನು ಒಬ್ಬ ಮೇಸ್ತ್ರಿಗೆ ಒಪ್ಪಿಸಿದ.

ಕಲ್ಲುಗಳು ಹತ್ತು ಸಾವಿರದ ಏಳು. ಮೇಸ್ತ್ರಿ ಸಾಲಿಗೆ ನೂರರಂತೆ ನೂರು ಸಾಲು ಹಾಸಿದ. ಏಳು ಉಳಿದವು.

“ಕೆರೆಯಾಚೆಯ ಏಳು ಗುಡಿಸಲಿನವರ ಕಲ್ಲು ಬಿಸಾಡು, ಸರಿಹೋಗುತ್ತದೆ” ಎಂದ ಪಾಳೆಯಗಾರ, ಎಲೆಯಡಿಕೆ ಜಗಿಯುತ್ತ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಆ ಜನಕ್ಕೆ ಎತ್ತಿಲ್ಲ, ಗಾಡಿಯಿಲ್ಲ. ಕಲ್ಲನ್ನು ಹೊತ್ತೇ ತಂದಿದ್ದರು. ಒಬ್ಬ ಮುದುಕಿಯ ಹೆಗಲು ಸುಲಿದುಹೋದದ್ದನ್ನು ಅವನೇ ಕಂಡಿದ್ದ. ಮೂರು ದಿನದ ಗಡುವು ಬೇಡಿಕೊಂಡ.

ಇದ್ದಿಲು ಹಿಡಿದು ನೆಲದ ಮೇಲೆ ಭಾಗಿಸುತ್ತ ಕೂತ. ಏಳು ಸಾಲು ಮಾಡಿದರೆ ನಾಲ್ಕು ಕಲ್ಲು ಉಳಿಯಿತು. ಹನ್ನೊಂದಕ್ಕೆ ಎಂಟು. ಹದಿಮೂರಕ್ಕೆ ಹತ್ತು. ಎರಡರಿಂದ ನೂರರವರೆಗೆ ಒಂದನ್ನೂ ಬಿಡಲಿಲ್ಲ, ಒಂದೂ ಸರಿಹೋಗಲಿಲ್ಲ. ನೂರರಾಚೆ ನೋಡುವ ಅಗತ್ಯವಿರಲಿಲ್ಲ. ಸಾಲುಗಳು ನೂರನ್ನು ಮೀರಿದರೆ ಸಾಲೊಂದರ ಕಲ್ಲು ನೂರಕ್ಕಿಂತ ಕಡಿಮೆಯಾಗಬೇಕು, ಅದನ್ನೆಲ್ಲ ನೋಡಿಯಾಗಿತ್ತು. ಹಾಳು ಸಂಖ್ಯೆ ಎಂದು ಇದ್ದಿಲನ್ನು ನೆಲಕ್ಕೆ ಕುಕ್ಕಿದ. ಸಂಖ್ಯೆಯದೇನು ತಪ್ಪು ಎಂದು ಆಮೇಲೆ ನಾಚಿಕೆಯಾಯಿತು. ಆಗ ಹೊಳೆಯಿತು, ತಾನು ಎರಡರಿಂದ ಶುರುಮಾಡಿದ್ದ, ಒಂದನ್ನು ನೋಡಿರಲೇ ಇಲ್ಲ.

ಮೂರನೆಯ ದಿನ ಹಾಸಿದ್ದನ್ನೆಲ್ಲ ಕಿತ್ತು, ಅರಮನೆಯ ಬಾಗಿಲಿನಿಂದ ಕಲ್ಲಿನ ಮುಂದೆ ಕಲ್ಲಿಡುತ್ತ ಹೊರಟ. ಕಲ್ಲು ಕೊಟ್ಟವರೆಲ್ಲ ಬಂದು ಕೈಹಾಕಿದರು. ಕೊನೆಯ ಕಲ್ಲು ಕೆರೆಯಾಚೆಯ ಗುಡಿಸಲಿನ ಬಾಗಿಲಲ್ಲಿ ಕೂತಿತು.

ಪಾಳೆಯಗಾರ ಕತ್ತಿ ಹಿರಿದು ಬಂದ. “ಅಂಗಳ ಮಾಡೋ ಅಂದರೆ ಕಾಲುದಾರಿ ಮಾಡಿದ್ದೀಯೇನೋ!”

“ಕಲ್ಲು ಒಡೆದಿಲ್ಲ, ಮಿಕ್ಕಿಲ್ಲ. ಇರುವುದೇ ಒಂದು ಸಾಲು, ಹೆಚ್ಚುಕಡಿಮೆಯ ಮಾತೆಲ್ಲಿ? ನನ್ನ ತಲೆ ಬೇಕೋ, ನಿಮ್ಮ ಆಣೆ ಬೇಕೋ, ನೋಡಿಕೊಳ್ಳಿ ದೊರೆ” ಎಂದು ಮೇಸ್ತ್ರಿಯೂ ಗುಡುಗಿದ.

ಪಾಳೆಯಗಾರ ಹಲ್ಲು ಕಡಿದು ಕತ್ತಿಯನ್ನು ಒರೆಗೆ ಸೇರಿಸಿದ. ಏಳು ಮನೆಗಳು ನಾಡಿನಲ್ಲಿ ಉಳಿದವು.

ಕತೆ ಮುಗಿದರೂ ನಿಂಗಯ್ಯನ ಸಿಟ್ಟು ಇಳಿದಿರಲಿಲ್ಲ. “ಅದು ಕಲ್ಲಿನ ಮಾತಾಯಿತು. ಇವನನ್ನು ನಾನು ಯಾವ ಪಂಕ್ತಿಯಲ್ಲಿ ಕೂರಿಸಲಿ?” ಎಂದ.

ಗುರುಗಳು ಎದ್ದು ನಿಂತು ಹೇಳಿದರು: “ಎಲೆಗಳನ್ನೆಲ್ಲ ಒಂದೇ ಸಾಲಾಗಿ ಹಾಕು, ಅವನ ಪಕ್ಕದ ಎಲೆ ನನಗೆ.”